ಉತ್ಪಾದಕತೆಯ ಅಳತೆಯೂ ಆಕಸ್ಮಿಕದ ಪರೀಕ್ಷೆಯೂ: ಮುಂಬಯಿ ಸೀಮೆಯ ಮಗ್ಗಗಳ ಇತಿಹಾಸದಿಂದ ಒಂದು ಪಾಠ

೧

ಸಾಂತಾಕ್ರೂಜ್ ನಿಲ್ದಾಣದಲ್ಲಿ ನಿಂತವನಿಗೆ ಮುಂಬಯಿಯ ಬಟ್ಟೆ ಉದ್ಯಮದ ಇತಿಹಾಸವು ಒಂದೇ ರೈಲುಹಾದಿಯ ಎರಡು ದಿಕ್ಕುಗಳಲ್ಲಿ ಹರಡಿಕೊಂಡಿದೆ. ದಕ್ಷಿಣಕ್ಕೆ ಹೊರಟರೆ ಲೋವರ್ ಪರೇಲಿನ ಸುತ್ತಮುತ್ತಣ ಗಿರಣಗಾಂವ್. ಅಲ್ಲಿನ ಗಿರಣಿಗಳು ಬಹುಮಟ್ಟಿಗೆ ಅಳಿದು ಅವುಗಳ ನೆಲದ ಮೇಲೆ ಈಗ ಕಚೇರಿಗಳೂ ಮಾರಾಟದ ಮಳಿಗೆಗಳೂ ಎದ್ದು ನಿಂತಿವೆ. ಉತ್ತರಕ್ಕೆ ಹೊರಟು ವಿರಾರನ್ನು ದಾಟಿ ಬೋಯಿಸರಿನಲ್ಲಿ ಇಳಿದರೆ ತಾರಾಪುರದ ಕೈಗಾರಿಕಾ ಕ್ಷೇತ್ರ. ಇನ್ನೂ ಮುಂದೆ, ಗುಜರಾತಿನ ಗಡಿಯನ್ನು ಹೊಕ್ಕ ಕೂಡಲೇ ಉಂಬರಗಾಂವ್. ಅಲ್ಲಿ ಇಂದಿಗೂ ಮಗ್ಗಗಳ ಸದ್ದು ಕೇಳುತ್ತದೆ. ದಕ್ಷಿಣ ದಿಕ್ಕಿನಲ್ಲಿ ೧೯೨೮ರಲ್ಲಿ ಎದ್ದ ಒಂದು ಪ್ರಶ್ನೆಗೆ ಉತ್ತರ ದಿಕ್ಕಿನಲ್ಲಿ ೨೦೦೮ರಲ್ಲಿ ಉತ್ತರ ಹುಡುಕುವ ಪ್ರಯತ್ನ ನಡೆಯಿತು. ದುಡಿಮೆಯ ಜಾಗದಲ್ಲಿ ಒಂದು ಹೊಸ ಕ್ರಮವನ್ನು ತಂದಾಗ ಉತ್ಪನ್ನವು ನಿಜವಾಗಿಯೂ ಹೆಚ್ಚಿತೆ, ಅಥವಾ ಹೆಚ್ಚಿದಂತೆ ತೋರಿತೆ ಎಂಬುದೇ ಆ ಪ್ರಶ್ನೆ. ಅದನ್ನು ತೀರ್ಮಾನಿಸಲು ಸಂಖ್ಯಾಶಾಸ್ತ್ರದ ಯಾವ ಪರೀಕ್ಷೆಯನ್ನು ಆರಿಸಬೇಕು, ಏಕೆ ಆರಿಸಬೇಕು ಎಂಬುದನ್ನು ಈ ಎಂಬತ್ತು ವರ್ಷಗಳ ಇತಿಹಾಸದ ಬೆಳಕಿನಲ್ಲಿ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ವಿಷಯವು ಒಣಗಣಿತದ್ದೆಂದು ವಾಚಕರು ಭಾವಿಸಬಾರದು. ನಮ್ಮವರಲ್ಲಿ ಅನೇಕರು ಬ್ಯಾಂಕು, ವಿಮೆ, ರೈಲ್ವೆ, ಸರಕಾರಿ ಕಚೇರಿಗಳಲ್ಲಿ ದುಡಿಯುವವರು. ನಮ್ಮ ದುಡಿಮೆಯನ್ನು ಯಾರೋ ಎಣಿಸುತ್ತಾರೆ. ನಾವೂ ಇನ್ನೊಬ್ಬರ ದುಡಿಮೆಯನ್ನು ಎಣಿಸುತ್ತೇವೆ. ಎಣಿಕೆ ತಪ್ಪಿದರೆ ಅದರ ಫಲವನ್ನು ಅನುಭವಿಸುವವನು ಮನುಷ್ಯನೇ ಹೊರತು ಸಂಖ್ಯೆಯಲ್ಲ. ಈ ವಿಷಯದತ್ತ ನನ್ನ ಮನಸ್ಸು ಹೊರಳಿದ್ದಕ್ಕೆ ಕಾರಣವಾದ ಒಂದು ಪ್ರಸಂಗವನ್ನು ಮೊದಲು ಹೇಳಿಬಿಡುವುದು ಪ್ರಾಮಾಣಿಕತೆಯ ದೃಷ್ಟಿಯಿಂದ ಅವಶ್ಯವೆನಿಸುತ್ತದೆ.

ನಾನು ಬ್ಯಾಂಕಿನ ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಶ್ಚಿಮ ಉಪನಗರದ ಒಂದು ಶಾಖೆಯಲ್ಲಿದ್ದೆ. ಅಲ್ಲಿ ಆರು ಕೌಂಟರುಗಳಿದ್ದವು. ಹಣ ಕಟ್ಟಿಸಿಕೊಳ್ಳುವುದು, ಹಣ ಕೊಡುವುದು, ಪಾಸ್‌ಬುಕ್ ತುಂಬುವುದು ಇವೆಲ್ಲವನ್ನೂ ಒಬ್ಬನೇ ಮಾಡುವ ಹೊಸ ಏರ್ಪಾಟನ್ನು ಮೂರು ಕೌಂಟರುಗಳಲ್ಲಿ ತಂದು, ಉಳಿದ ಮೂರನ್ನು ಹಳೆಯ ಕ್ರಮದಲ್ಲಿಯೇ ಬಿಡಲಾಯಿತು. ಒಂದು ತಿಂಗಳ ೨೬ ಕೆಲಸದ ದಿನಗಳಲ್ಲಿ ಪ್ರತಿಯೊಂದು ಕೌಂಟರು ಎಷ್ಟು ವ್ಯವಹಾರಗಳನ್ನು ಮುಗಿಸಿತೆಂಬುದನ್ನು ದಾಖಲಿಸಿ ಮೇಲಿನ ಕಚೇರಿಗೆ ಟಿಪ್ಪಣಿ ಕಳುಹಿಸಬೇಕಾಗಿತ್ತು. ಪದವಿಯಲ್ಲಿ ಸಂಖ್ಯಾಶಾಸ್ತ್ರವನ್ನು ಓದಿದವನೆಂದು ಆ ಕೆಲಸವನ್ನು ನನಗೆ ಒಪ್ಪಿಸಿದರು. ಆರು ಕೌಂಟರು, ೨೬ ದಿನ. ಒಟ್ಟು ೧೫೬ ಅಂಕಿಗಳು. ಹೊಸ ಕ್ರಮದ ೭೮ ಅಂಕಿಗಳನ್ನು ಒಂದು ಕಡೆ, ಹಳೆಯ ಕ್ರಮದ ೭೮ ಅಂಕಿಗಳನ್ನು ಮತ್ತೊಂದು ಕಡೆ ಇಟ್ಟು, ಪಠ್ಯಪುಸ್ತಕದಲ್ಲಿ ಕಲಿತ ಟಿ-ಪರೀಕ್ಷೆಯನ್ನು ನಡೆಸಿದೆ. ಸರಾಸರಿಗಳ ನಡುವಣ ಅಂತರವು ಆಕಸ್ಮಿಕವೆಂದು ಹೇಳಲಾಗದಷ್ಟು ದೊಡ್ಡದೆಂಬ ಉತ್ತರ ಬಂತು. ಹಾಗೆಂದೇ ಬರೆದು ಸಹಿ ಹಾಕಿದೆ.

ಕೋಷ್ಟಕದ ಕೊನೆಯ ಸಾಲಿನಲ್ಲಿದ್ದವರು ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದ, ಉಡುಪಿ ಕಡೆಯ ಹಿರಿಯ ಗುಮಾಸ್ತರು. ಹೊಸ ಕ್ರಮಕ್ಕೆ ಒಗ್ಗದವರೆಂಬ ಷರಾದೊಡನೆ ಅವರನ್ನು ದೂರದ ಶಾಖೆಗೆ ವರ್ಗಾಯಿಸಿದರು. ಹೊರಡುವ ದಿನ ಅವರು ನನ್ನ ಮೇಜಿನ ಬಳಿಗೆ ಬಂದು, "ನೀವು ಲೆಕ್ಕ ತಪ್ಪು ಮಾಡಿದ್ದೀರಿ ಅಂತ ನಾನು ಹೇಳುವುದಿಲ್ಲ ಮಾರಾಯ್ರೆ. ಆದರೆ ಪಿಂಚಣಿಯವರೆಲ್ಲ ನನ್ನ ಕೌಂಟರಿಗೇ ಬರುವುದು ನಿಮಗೆ ಗೊತ್ತಿತ್ತಲ್ಲ?" ಎಂದು ಕೇಳಿದರು. ನನಗೆ ಗೊತ್ತಿತ್ತು. ಹೊಸ ಕ್ರಮಕ್ಕೆಂದು ಆರಿಸಿದ ಮೂವರು ಶಾಖೆಯಲ್ಲಿ ಎಲ್ಲರಿಗಿಂತ ಚುರುಕಾದ ತರುಣರೆಂಬುದೂ ಗೊತ್ತಿತ್ತು. ಆದರೆ ಈ ಎರಡು ಸಂಗತಿಗಳಿಗೂ ನಾನು ಆರಿಸಿದ ಪರೀಕ್ಷೆಗೂ ಸಂಬಂಧವಿದೆ ಎಂಬುದು ಮಾತ್ರ ಆಗ ಹೊಳೆದಿರಲಿಲ್ಲ.

೨

ಮುಂಬಯಿಯಲ್ಲಿ ಇಂಥ ಎಣಿಕೆಯ ಜಗಳ ಹೊಸದಲ್ಲ. ಕಾವಸಜಿ ದಾವರ್ ಅವರು ೧೮೫೪ರಲ್ಲಿ ಸ್ಥಾಪಿಸಿದ ಗಿರಣಿಯಿಂದ ಮೊದಲಾದ ಇಲ್ಲಿನ ಹತ್ತಿ ಉದ್ಯಮವು ಮೊದಲನೆಯ ಮಹಾಯುದ್ಧದ ತರುವಾಯ ಜಪಾನಿನ ಸ್ಪರ್ಧೆಯನ್ನು ಎದುರಿಸಬೇಕಾಯಿತು. ೧೯೨೭ರ ಸುಮಾರಿಗೆ ಗಿರಣಿ ಮಾಲಿಕರ ಮಾತುಗಳಲ್ಲಿ 'ದಕ್ಷತೆ' ಎಂಬ ಶಬ್ದ ಮೇಲಿಂದ ಮೇಲೆ ಕಾಣಿಸಿಕೊಳ್ಳತೊಡಗಿತು. ಎರಡು ಮಗ್ಗಗಳನ್ನು ನೋಡಿಕೊಳ್ಳುತ್ತಿದ್ದ ನೇಕಾರನು ಮೂರನ್ನು ನೋಡಿಕೊಳ್ಳಬೇಕು, ನೂಲು ತೆಗೆಯುವ ಯಂತ್ರದ ಒಂದು ಬದಿಯನ್ನು ಕಾಯುತ್ತಿದ್ದವನು ಎರಡು ಬದಿಗಳನ್ನು ಕಾಯಬೇಕು ಎಂಬುದು ಹೊಸ ಕ್ರಮ. ಸಸೂನ್ ಸಮೂಹದ ಗಿರಣಿಗಳು ಇದರಲ್ಲಿ ಮುಂದಾಗಿದ್ದವು. ೧೯೨೮ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಸುಮಾರು ಒಂದೂವರೆ ಲಕ್ಷ ಕಾರ್ಮಿಕರು ನಡೆಸಿದ ಸಾರ್ವತ್ರಿಕ ಮುಷ್ಕರಕ್ಕೆ ಈ ಕ್ರಮವೂ ಒಂದು ಮುಖ್ಯ ಕಾರಣ. ಮುಷ್ಕರ ನಿಂತ ಮೇಲೆ ನ್ಯಾಯಮೂರ್ತಿ ಫಾಸೆಟ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ಈ ತಕರಾರುಗಳನ್ನು ವಿಚಾರಿಸಿ ೧೯೨೯ರಲ್ಲಿ ವರದಿ ಕೊಟ್ಟಿತು.

ಈ ವಿವಾದದಲ್ಲಿ ಎರಡು ಪಕ್ಷಗಳೂ ಅಂಕಿಗಳನ್ನೇ ಮುಂದಿಟ್ಟವು. ಆದರೆ ಅಂಕಿಗಳು ಒಂದೇ ಮಾತನ್ನು ಹೇಳಲಿಲ್ಲ. ಹೇಳುವುದು ಸಾಧ್ಯವೂ ಇರಲಿಲ್ಲ. ಒಂದು ಕಲ್ಪಿತ ಲೆಕ್ಕದಿಂದ ಇದನ್ನು ವಿಶದಪಡಿಸಬಹುದು. ಎರಡು ಮಗ್ಗಗಳಿದ್ದಾಗ ಒಂದೊಂದೂ ತನ್ನ ಪೂರ್ಣ ಶಕ್ತಿಯ ಶೇಕಡಾ ೮೦ರಷ್ಟು ನೇಯುತ್ತಿತ್ತೆಂದು ಭಾವಿಸೋಣ. ಮೂರು ಮಗ್ಗಗಳಾದಾಗ ನೇಕಾರನ ಗಮನ ಹಂಚಿಹೋಗಿ ಒಂದೊಂದೂ ಶೇಕಡಾ ೬೦ಕ್ಕೆ ಇಳಿಯಿತೆನ್ನೋಣ. ಮೊದಲು ಒಬ್ಬ ನೇಕಾರನ ಉತ್ಪನ್ನವು ೧.೬ ಮಗ್ಗಗಳಷ್ಟು, ಈಗ ೧.೮ ಮಗ್ಗಗಳಷ್ಟು. ತಲೆಯೊಂದರ ಲೆಕ್ಕದಲ್ಲಿ ಶೇಕಡಾ ೧೨.೫ರ ಏರಿಕೆ. ಮಗ್ಗವೊಂದರ ಲೆಕ್ಕದಲ್ಲಿ ಶೇಕಡಾ ೨೫ರ ಇಳಿಕೆ. ಇಲ್ಲಿ 'ಉತ್ಪಾದಕತೆ' ಏರಿತೋ ಇಳಿಯಿತೋ? ಯಾವುದನ್ನು ಅಳೆಯುತ್ತೇವೆ ಎಂಬುದನ್ನು ಮೊದಲೇ ಗೊತ್ತುಪಡಿಸದೆ ಇದ್ದರೆ ಜಗತ್ತಿನ ಯಾವ ಪರೀಕ್ಷೆಯೂ ಉತ್ತರ ಕೊಡಲಾರದು.

ಇನ್ನೊಂದು ತೊಡಕೂ ಇತ್ತು. ಒಂದು ಮಗ್ಗದ ಕೆಲಸವು ನೇಕಾರನ ಕೈಚಳಕವೊಂದನ್ನೇ ಅವಲಂಬಿಸಿರಲಿಲ್ಲ. ಗಿಡ್ಡ ಎಳೆಯ ಹತ್ತಿಯಿಂದ ತೆಗೆದ ನೂಲು ಮತ್ತೆ ಮತ್ತೆ ಹರಿಯುತ್ತಿತ್ತು. ಹರಿದಾಗಲೆಲ್ಲ ಮಗ್ಗವನ್ನು ನಿಲ್ಲಿಸಿ ಎಳೆ ಕೂಡಿಸಬೇಕು. ಒಳ್ಳೆಯ ನೂಲು ಯಾರ ಮಗ್ಗಕ್ಕೆ ಹೋಗುತ್ತದೆಂಬುದರಲ್ಲಿ ಜಾಬರನ ಕೃಪಾಕಟಾಕ್ಷವೂ ಸೇರುತ್ತಿತ್ತು. ಬೆಳಗ್ಗೆ ಗಿರಣಿಯ ಬಾಗಿಲಲ್ಲಿ ಕಾದು ನಿಂತ 'ಬದಲಿ' ಕಾರ್ಮಿಕನು ಈ ದಿನ ಒಂದು ಮಗ್ಗದಲ್ಲಿ, ನಾಳೆ ಇನ್ನೊಂದರಲ್ಲಿ ಕೆಲಸ ಮಾಡುತ್ತಿದ್ದನು. ಆದ್ದರಿಂದ ಒಂದು ತಿಂಗಳ ಅಂಕಿಗಳ ರಾಶಿಯನ್ನು ನೋಡಿ ಇದು ನೇಕಾರನ ಗುಣ, ಇದು ನೂಲಿನ ಗುಣ, ಇದು ಜಾಬರನ ಗುಣ ಎಂದು ಬೇರ್ಪಡಿಸುವುದು ಸುಲಭವಾಗಿರಲಿಲ್ಲ. ಈ ಕಾಲದ ಇತಿಹಾಸಕಾರರೂ ಇದರಲ್ಲಿ ಒಮ್ಮತಕ್ಕೆ ಬಂದಿಲ್ಲ. ಗ್ರೆಗರಿ ಕ್ಲಾರ್ಕ್ ಅವರು ೧೯೮೭ರಲ್ಲಿ ಅನೇಕ ದೇಶಗಳ ಗಿರಣಿಗಳನ್ನು ಹೋಲಿಸಿ, ವ್ಯತ್ಯಾಸದ ಮೂಲವು ಯಂತ್ರದಲ್ಲಿಯೂ ವ್ಯವಸ್ಥಾಪನೆಯಲ್ಲಿಯೂ ಇರದೆ ದುಡಿಯುವವರ ಕಡೆಗಿದೆಯೆಂದು ವಾದಿಸಿದರು. ರಾಜನಾರಾಯಣ ಚಂದಾವರಕರ್ ಅವರು ೧೯೯೪ರಲ್ಲಿ ಪ್ರಕಟಿಸಿದ ಮುಂಬಯಿಯ ಕೈಗಾರಿಕಾ ಬಂಡವಾಳದ ಇತಿಹಾಸದಲ್ಲಿ, ಮಾಲಿಕರು ಕೈಗೊಂಡ ತಂತ್ರಗಳು, ಮಾರುಕಟ್ಟೆಯ ಅನಿಶ್ಚಿತತೆ, ಕಾರ್ಮಿಕರ ನೆರೆಹೊರೆಯ ಬದುಕು ಇವೆಲ್ಲವನ್ನೂ ಕೂಡಿಸಿ ನೋಡದೆ ಅಂಥ ತೀರ್ಮಾನ ಸಲ್ಲದೆಂಬುದನ್ನು ವಿಸ್ತಾರವಾಗಿ ತೋರಿಸಿದರು.

ಗಿರಣಗಾಂವ್ ಈ ಪ್ರಶ್ನೆಗೆ ಉತ್ತರ ಕೊಡುವ ಮೊದಲೇ ಮುಗಿದುಹೋಯಿತು. ೧೯೮೨ರ ಜನವರಿ ೧೮ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಆರಂಭವಾದ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಬಾಗಿಲಿಕ್ಕಿದವು. ನೇಯ್ಗೆಯ ಕೆಲಸವು ನಗರದ ಹೊರಗಣ ಊರುಗಳಿಗೆ ಹರಡಿತು.

೩

ಅತ್ತ ಮುಂಬಯಿಯಲ್ಲಿ ಈ ಜಗಳ ನಡೆಯುತ್ತಿದ್ದ ಕಾಲದಲ್ಲಿಯೇ ಇತ್ತ ಸಂಖ್ಯಾಶಾಸ್ತ್ರವು ತನ್ನ ಉಪಕರಣಗಳನ್ನು ಸಿದ್ಧಪಡಿಸಿಕೊಳ್ಳುತ್ತಿತ್ತು. ಆ ಉಪಕರಣಗಳಲ್ಲಿ ಹಲವು ದುಡಿಮೆಯ ಜಾಗದಲ್ಲಿಯೇ ಹುಟ್ಟಿದವೆಂಬುದು ಗಮನಿಸತಕ್ಕ ಸಂಗತಿ. ಟಿ-ಪರೀಕ್ಷೆಯನ್ನು ೧೯೦೮ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಿಂದ ಪ್ರಕಟಿಸಿದ ವಿಲಿಯಂ ಗಾಸೆಟ್ ಅವರು ಡಬ್ಲಿನ್ನಿನ ಗಿನೆಸ್ ಮದ್ಯತಯಾರಿಕಾ ಸಂಸ್ಥೆಯ ನೌಕರರು. ಕೆಲವೇ ಕೆಲವು ಪ್ರಯೋಗಗಳಿಂದ ತೀರ್ಮಾನಕ್ಕೆ ಬರಬೇಕಾದ ಇಕ್ಕಟ್ಟು ಅವರದು. ಅಂಕಿಗಳು ಒಂದನ್ನೊಂದು ಅವಲಂಬಿಸಿರಬಾರದು, ಅವು ಸರಾಸರಿಯ ಎರಡೂ ಬದಿಗೆ ಒಂದು ಗೊತ್ತಾದ ರೀತಿಯಲ್ಲಿ ಹರಡಿರಬೇಕು ಎಂಬ ಊಹೆಗಳ ಮೇಲೆ ಆ ಪರೀಕ್ಷೆ ನಿಂತಿದೆ. ನನ್ನ ೧೫೬ ಅಂಕಿಗಳು ಮೊದಲನೆಯ ಊಹೆಗೇ ಒಗ್ಗುವಂಥವಲ್ಲ. ಒಬ್ಬ ಗುಮಾಸ್ತನ ಸೋಮವಾರದ ಕೆಲಸವೂ ಮಂಗಳವಾರದ ಕೆಲಸವೂ ಒಂದೇ ಕೈಯ ಕೆಲಸ. ಇಪ್ಪತ್ತಾರು ದಿನ ಎಣಿಸಿದರೆ ಆ ಒಬ್ಬನನ್ನು ಇನ್ನಷ್ಟು ಚೆನ್ನಾಗಿ ತಿಳಿಯಬಹುದೇ ಹೊರತು ಒಬ್ಬನು ಇಪ್ಪತ್ತಾರು ಮಂದಿ ಆಗುವುದಿಲ್ಲ.

ಇದೇ ದೋಷವು ಜಗತ್ಪ್ರಸಿದ್ಧವಾದ ಒಂದು ಅಧ್ಯಯನದಲ್ಲಿಯೂ ಕಾಣುತ್ತದೆ. ಅಮೆರಿಕದ ಶಿಕಾಗೊ ನಗರದ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ ೧೯೨೪ರಿಂದ ದೀಪದ ಬೆಳಕಿನ ಪರಿಣಾಮವನ್ನೂ, ೧೯೨೭ರಿಂದ ವಿಶ್ರಾಂತಿ, ಕೆಲಸದ ವೇಳೆ, ಕೂಲಿಯ ಕ್ರಮ ಮೊದಲಾದವುಗಳ ಪರಿಣಾಮವನ್ನೂ ಪರೀಕ್ಷಿಸಿದರು. ಎರಡನೆಯ ಪರೀಕ್ಷೆಗೆ ಆರಿಸಿದ್ದು ಬಿಡಿಭಾಗಗಳನ್ನು ಜೋಡಿಸುವ ಐವರು ಹೆಂಗಸರನ್ನು ಮತ್ತು ಅವರಿಗೆ ಸಾಮಾನು ಒದಗಿಸುವ ಇನ್ನೊಬ್ಬಾಕೆಯನ್ನು. ೧೯೨೮ರ ಜನವರಿಯಲ್ಲಿ ಅವರ ಪೈಕಿ ಇಬ್ಬರನ್ನು ತೆಗೆದು ಬೇರೆ ಇಬ್ಬರನ್ನು ತಂದು ಕೂಡಿಸಿದರು. ಅಂಕಿಗಳು ವರ್ಷಗಟ್ಟಲೆ ಸೇರಿದವು. ಮನುಷ್ಯರು ಮಾತ್ರ ಬೆರಳೆಣಿಕೆಯಷ್ಟೇ. ಹೋಲಿಸಿ ನೋಡಲು ಅದೇ ಬಗೆಯಲ್ಲಿ ಆರಿಸಿದ ಇನ್ನೊಂದು ಗುಂಪು ಇರಲಿಲ್ಲ. ಗಮನಕ್ಕೆ ಪಾತ್ರರಾದುದರಿಂದಲೇ ಕಾರ್ಮಿಕರು ಹೆಚ್ಚು ದುಡಿದರು ಎಂಬ 'ಹಾಥಾರ್ನ್ ಪರಿಣಾಮ'ದ ಮಾತು ಇಲ್ಲಿಂದ ಹುಟ್ಟಿ ಲೋಕವನ್ನೆಲ್ಲ ಸುತ್ತಿತು. ಆದರೆ ೧೯೭೮ರಲ್ಲಿ ಫ್ರಾಂಕೆ ಮತ್ತು ಕಾಲ್ ಎಂಬವರು ಆ ಅಂಕಿಗಳನ್ನು ಮರಳಿ ಪರಿಶೀಲಿಸಿ ಬೇರೆ ಕಾರಣಗಳನ್ನು ಮುಂದಿಟ್ಟರು. ೨೦೧೧ರಲ್ಲಿ ಲೆವಿಟ್ ಮತ್ತು ಲಿಸ್ಟ್ ಎಂಬವರು ದೀಪದ ಪ್ರಯೋಗದ ಮೂಲ ಅಂಕಿಗಳನ್ನು ಸಂಪಾದಿಸಿ, ಆ ಪ್ರಸಿದ್ಧ ಕಥೆಗೆ ಅವುಗಳಲ್ಲಿ ಬಲವಾದ ಆಧಾರವಿಲ್ಲವೆಂದು ತೋರಿಸಿದರು.

ನಮ್ಮ ದೇಶದಲ್ಲಿಯೂ ಇಂಥದೊಂದು ಪ್ರಯತ್ನ ನಡೆಯಿತು. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಅವರು ೧೯೫೩ರಲ್ಲಿ ಅಹಮದಾಬಾದಿನ ಕ್ಯಾಲಿಕೊ ಗಿರಣಿಗಳ ಸ್ವಯಂಚಾಲಿತ ಮಗ್ಗಗಳ ಶೆಡ್ಡಿನಲ್ಲಿ, ಒಬ್ಬೊಬ್ಬರು ಒಂದೊಂದು ಬಿಡಿ ಕೆಲಸ ಮಾಡುವ ಪದ್ಧತಿಯನ್ನು ಬಿಟ್ಟು, ಚಿಕ್ಕ ಚಿಕ್ಕ ಗುಂಪುಗಳು ಮಗ್ಗಗಳ ಒಂದೊಂದು ಸಾಲನ್ನು ತಾವೇ ನಿರ್ವಹಿಸುವ ಪದ್ಧತಿಯನ್ನು ಸೂಚಿಸಿದರು. ಕಾರ್ಮಿಕರು ಅದನ್ನು ಬೇಗನೆ ತಮ್ಮದನ್ನಾಗಿ ಮಾಡಿಕೊಂಡರು, ಉತ್ಪನ್ನ ಏರಿತು. ರೈಸರ ಗ್ರಂಥ ೧೯೫೮ರಲ್ಲಿ ಹೊರಬಂತು. ೧೯೭೦ರಲ್ಲಿ ಎರಿಕ್ ಮಿಲ್ಲರ್ ಅವರು ಮರಳಿ ಹೋಗಿ ನೋಡಿದಾಗ ಒಂದು ಶೆಡ್ಡಿನಲ್ಲಿ ಆ ವ್ಯವಸ್ಥೆ ಉಳಿದಿತ್ತು, ಉಳಿದೆಡೆ ಸಡಿಲಗೊಂಡಿತ್ತು. ಬೆಲೆಯುಳ್ಳ ಅನುಭವವೇ ಸರಿ. ಆದರೂ ಇದು 'ಹಿಂದೆ ಹೀಗಿತ್ತು, ಈಗ ಹೀಗಾಯಿತು' ಎಂಬ ಬಗೆಯ ಸಾಕ್ಷ್ಯ. ನಡುವೆ ನೂಲು ಬದಲಾಯಿತೆ, ಬೇಡಿಕೆ ಬದಲಾಯಿತೆ ಎಂಬ ಸಂಶಯವನ್ನು ಯಾವ ಸೂತ್ರವೂ ಹೊಡೆದುಹಾಕಲಾರದು.

ಈ ಸಂಶಯಕ್ಕೆ ಪರಿಹಾರವನ್ನು ಸೂಚಿಸಿದವರು ರೊನಾಲ್ಡ್ ಫಿಶರ್. ೧೯೩೫ರ ತಮ್ಮ ಗ್ರಂಥದಲ್ಲಿ ಅವರು ಚಹದ ದೃಷ್ಟಾಂತವೊಂದನ್ನು ಕೊಟ್ಟಿದ್ದಾರೆ. ಬಟ್ಟಲಿಗೆ ಮೊದಲು ಹಾಲು ಹಾಕಿದ್ದೋ ಚಹ ಹಾಕಿದ್ದೋ ಎಂಬುದನ್ನು ರುಚಿಯಿಂದಲೇ ಹೇಳಬಲ್ಲೆನೆಂದು ಒಬ್ಬ ಮಹಿಳೆ ಹೇಳುತ್ತಾಳೆ. ಎಂಟು ಬಟ್ಟಲುಗಳಲ್ಲಿ ನಾಲ್ಕು ಒಂದು ಬಗೆ, ನಾಲ್ಕು ಇನ್ನೊಂದು ಬಗೆ. ಅವುಗಳ ಕ್ರಮವನ್ನು ಚೀಟಿ ಎತ್ತಿದಂತೆ ಗೊತ್ತುಪಡಿಸಲಾಗುತ್ತದೆ. ಎಂಟರಲ್ಲಿ ನಾಲ್ಕನ್ನು ಆರಿಸುವ ಕ್ರಮಗಳು ೭೦. ಆಕೆಗೆ ಏನೂ ತಿಳಿಯದಿದ್ದರೂ ಎಲ್ಲವನ್ನೂ ಸರಿಯಾಗಿ ಹೇಳುವ ಸಂಭವ ಎಪ್ಪತ್ತರಲ್ಲಿ ಒಂದು. ಇಲ್ಲಿ ಅಂಕಿಗಳು ಹೇಗೆ ಹರಡಿರಬೇಕೆಂಬ ಊಹೆಯೇ ಬೇಕಾಗಿಲ್ಲ. ಚೀಟಿ ಎತ್ತಿದ ಕ್ರಿಯೆಯೇ ಪರೀಕ್ಷೆಗೆ ಆಧಾರ. ೧೯೩೭ರಲ್ಲಿ ಪಿಟ್‌ಮನ್ ಅವರು ಈ ತತ್ತ್ವವನ್ನು ಸರಾಸರಿಗಳ ಹೋಲಿಕೆಗೆ ವಿಸ್ತರಿಸಿದರು. ಇದನ್ನು ನಾವು ಪಲ್ಲಟ ಪರೀಕ್ಷೆಯೆಂದು ಕರೆಯಬಹುದು. ಅಂಕಿಗಳು ಹಾಗೆಯೇ ಇರಲಿ, ಅವುಗಳ ಮೇಲಿನ ಚೀಟಿಗಳನ್ನು ಮಾತ್ರ ಅದಲುಬದಲು ಮಾಡಿ ನೋಡುವುದು ಇದರ ಮರ್ಮ.

ಭಾರತವು ಈ ವಿದ್ಯೆಗೆ ಹೊರಗಿನದಾಗಿರಲಿಲ್ಲ. ಮಹಲನೋಬಿಸ್ ಅವರು ೧೯೩೧ರಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಬೆಳೆದು ಲೋಕಖ್ಯಾತರಾದ ಸಿ. ಆರ್. ರಾವ್ ಅವರು ೧೯೨೦ರಲ್ಲಿ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ ಎಂಬುದನ್ನು ಕನ್ನಡಿಗರು ಸಂತೋಷದಿಂದ ನೆನೆಯಬಹುದು. ಆದರೂ ಪಲ್ಲಟ ಪರೀಕ್ಷೆಯು ಬಹುಕಾಲ ಪುಸ್ತಕದಲ್ಲಿಯೇ ಉಳಿಯಿತು. ಸಾವಿರಾರು ಪಲ್ಲಟಗಳನ್ನು ಕೈಯಿಂದ ಎಣಿಸುವುದು ಆಗದ ಮಾತು. ಗಣಕಯಂತ್ರ ಬರುವವರೆಗೆ ಟಿ-ಪರೀಕ್ಷೆಯೇ ಸುಲಭದ ದಾರಿಯಾಗಿತ್ತು.

೪

ಈಗ ಉತ್ತರ ದಿಕ್ಕಿನ ಪ್ರಯೋಗಕ್ಕೆ ಬರೋಣ. ನಿಕೊಲಸ್ ಬ್ಲೂಮ್, ಬೆನ್ ಐಫರ್ಟ್, ಅಪ್ರಜಿತ್ ಮಹಾಜನ್, ಡೇವಿಡ್ ಮೆಕೆಂಜಿ, ಜಾನ್ ರಾಬರ್ಟ್ಸ್ ಎಂಬ ಐವರು ಅರ್ಥಶಾಸ್ತ್ರಜ್ಞರು ೨೦೦೮ರಲ್ಲಿ ತಾರಾಪುರ ಮತ್ತು ಉಂಬರಗಾಂವ್‌ಗಳ ನೇಯ್ಗೆ ಕಾರ್ಖಾನೆಗಳಲ್ಲಿ ಒಂದು ಪ್ರಯೋಗವನ್ನು ಕೈಗೊಂಡರು. ಒಳ್ಳೆಯ ವ್ಯವಸ್ಥಾಪನೆಯಿಂದ ಉತ್ಪಾದಕತೆ ಹೆಚ್ಚುತ್ತದೆಯೇ ಎಂಬುದು ಅವರ ಪ್ರಶ್ನೆ. ೧೯೨೮ರಲ್ಲಿ ಕೇಳಿದ್ದು ನೇಕಾರನ ದಕ್ಷತೆಯನ್ನು; ಇಲ್ಲಿ ಕೇಳಿದ್ದು ಮಾಲಿಕನ ದಕ್ಷತೆಯನ್ನು. ಇಷ್ಟರಮಟ್ಟಿಗೆ ಪ್ರಶ್ನೆಯೇ ತಿರುಗಿ ನಿಂತಿತೆನ್ನಬೇಕು.

೬೬ ಸಂಸ್ಥೆಗಳನ್ನು ಕೇಳಿಕೊಂಡಾಗ ೧೭ ಸಂಸ್ಥೆಗಳು ಒಪ್ಪಿದವು. ಇವೆಲ್ಲ ಕುಟುಂಬಗಳ ಒಡೆತನದಲ್ಲಿದ್ದವು. ಇವುಗಳಿಗೆ ಸೇರಿದ ೨೮ ಕಾರ್ಖಾನೆಗಳಲ್ಲಿ ೨೦ನ್ನು ಪ್ರಯೋಗಕ್ಕೆ ತೆಗೆದುಕೊಂಡರು. ಸಂಸ್ಥೆಗಳನ್ನು ಚೀಟಿ ಎತ್ತಿದಂತೆ ಎರಡಾಗಿ ವಿಂಗಡಿಸಿದರು: ೧೧ ಸಂಸ್ಥೆಗಳ ೧೪ ಕಾರ್ಖಾನೆಗಳು ಒಂದು ಕಡೆ, ೬ ಸಂಸ್ಥೆಗಳ ೬ ಕಾರ್ಖಾನೆಗಳು ಇನ್ನೊಂದು ಕಡೆ. ಎರಡೂ ಕಡೆಯವರಿಗೆ ಸಲಹೆಗಾರರು ಒಂದು ತಿಂಗಳು ಸ್ಥಿತಿಗತಿಯನ್ನು ಪರಿಶೀಲಿಸಿ ತಿಳಿಸಿದರು. ಮೊದಲನೆಯ ಗುಂಪಿಗೆ ಮಾತ್ರ ಮತ್ತೆ ನಾಲ್ಕು ತಿಂಗಳು ಜತೆಯಲ್ಲಿ ನಿಂತು ೩೮ ಪದ್ಧತಿಗಳನ್ನು ಅಳವಡಿಸಲು ನೆರವಾದರು. ಯಂತ್ರಗಳನ್ನು ಕೆಡುವ ಮೊದಲೇ ನೋಡಿಕೊಳ್ಳುವುದು, ಬಟ್ಟೆಯ ದೋಷಗಳನ್ನು ಬಗೆಬಗೆಯಾಗಿ ದಾಖಲಿಸಿ ದಿನವೂ ಚರ್ಚಿಸುವುದು, ನೂಲಿನ ದಾಸ್ತಾನಿಗೆ ಲೆಕ್ಕವಿಡುವುದು ಇವು ಆ ಪದ್ಧತಿಗಳ ಮಾದರಿ. ಎರಡನೆಯ ಗುಂಪಿಗೂ ಪರಿಶೀಲನೆಯನ್ನು ಒದಗಿಸಿದ್ದರಿಂದ, ಹೊರಗಿನವರು ಬಂದು ನೋಡಿದ ಮಾತ್ರಕ್ಕೆ ಆಗುವ ಬದಲಾವಣೆಯು ಎರಡೂ ಕಡೆಗೆ ಹಂಚಿಹೋಗಲು ಅವಕಾಶವಾಯಿತು. ಹಾಥಾರ್ನಿನಲ್ಲಿ ಎದ್ದ ಸಂಶಯಕ್ಕೆ ಇದು ತಕ್ಕಮಟ್ಟಿನ ಸಮಾಧಾನ.

ಅಂಕಿಗಳು ಎರಡು ವರ್ಷಗಳಿಗೂ ಮೇಲ್ಪಟ್ಟು ವಾರವಾರವೂ ಸೇರಿದವು. ದೋಷ, ದಾಸ್ತಾನು, ಉತ್ಪನ್ನ ಎಂದು ರಾಶಿಗಟ್ಟಲೆ ಸಾಲುಗಳು. ನಾನಾಗಿದ್ದರೆ ಆ ಸಾಲುಗಳನ್ನೆಲ್ಲ ಕೂಡಿಸಿ ಟಿ-ಪರೀಕ್ಷೆ ನಡೆಸುತ್ತಿದ್ದೆನೇನೋ! ಆದರೆ ಚೀಟಿ ಎತ್ತಿದ್ದು ವಾರಗಳ ನಡುವೆ ಅಲ್ಲ, ಕಾರ್ಖಾನೆಗಳ ನಡುವೆಯೂ ಅಲ್ಲ, ಸಂಸ್ಥೆಗಳ ನಡುವೆ. ಆದ್ದರಿಂದ ಎಷ್ಟೇ ಸಾಲುಗಳಿದ್ದರೂ ಪ್ರಯೋಗದ ಘಟಕಗಳು ೧೭ ಮಾತ್ರ. ಹದಿನೇಳು ಎಂಬುದು ಸಣ್ಣ ಸಂಖ್ಯೆ. ದೊಡ್ಡ ಸಂಖ್ಯೆಗಳಿಗೆಂದು ಕಟ್ಟಿದ ಸೂತ್ರಗಳು ಇಲ್ಲಿ ಮೋಸ ಮಾಡಬಲ್ಲವು. ಈ ಇಕ್ಕಟ್ಟನ್ನು ಸಂಶೋಧಕರು ಮೂರು ಬಗೆಯಿಂದ ಎದುರಿಸಿದರು.

ಮೊದಲನೆಯದಾಗಿ, ಒಂದು ಸಂಸ್ಥೆಯ ಎಲ್ಲ ವಾರಗಳ ಅಂಕಿಗಳನ್ನೂ ಒಂದೇ ಗುಚ್ಛವೆಂದು ಪರಿಗಣಿಸಿ ತಪ್ಪಿನ ಅಂದಾಜನ್ನು ಹಾಕಿದರು. ಎರಡನೆಯದಾಗಿ, ಇಬ್ರಗಿಮೋವ್ ಮತ್ತು ಮ್ಯೂಲರ್ ಎಂಬವರು ೨೦೧೦ರಲ್ಲಿ ಪ್ರಕಟಿಸಿದ ವಿಧಾನವನ್ನು ಬಳಸಿದರು. ಪ್ರತಿಯೊಂದು ಕಾರ್ಖಾನೆಯ ದೀರ್ಘಕಾಲದ ಅಂಕಿಗಳಿಂದ ಒಂದೊಂದೇ ಅಂದಾಜನ್ನು ತೆಗೆದು, ಆ ಕೆಲವೇ ಅಂದಾಜುಗಳ ಮೇಲೆ ಗಾಸೆಟ್ ಅವರ ಟಿ-ಪರೀಕ್ಷೆಯನ್ನು ಪ್ರಯೋಗಿಸುವುದು ಇದರ ತಿರುಳು. ಕಾರ್ಖಾನೆಗಳು ಕಡಮೆಯಾದರೂ ವಾರಗಳು ಹೆಚ್ಚಿರುವುದರಿಂದ ಈ ದಾರಿ ಅಲ್ಲಿ ಒಪ್ಪುತ್ತದೆ. ಮೂರನೆಯದೇ ಪಲ್ಲಟ ಪರೀಕ್ಷೆ.

ಪಲ್ಲಟ ಪರೀಕ್ಷೆಯ ತರ್ಕ ಸರಳವಾದುದು. ಸಲಹೆಯಿಂದ ಯಾವ ಸಂಸ್ಥೆಗೂ ಏನೂ ಪರಿಣಾಮವಾಗಲಿಲ್ಲ ಎಂದು ವಾದಕ್ಕಾಗಿ ಒಪ್ಪಿಕೊಳ್ಳೋಣ. ಹಾಗಿದ್ದರೆ ಒಂದು ಸಂಸ್ಥೆಗೆ ಯಾವ ಚೀಟಿ ಬಂದಿದ್ದರೂ ಅದರ ಅಂಕಿಗಳು ಈಗ ಇರುವಂತೆಯೇ ಇರುತ್ತಿದ್ದವು. ಅಂದಮೇಲೆ ಚೀಟಿಗಳನ್ನು ಕಾಗದದ ಮೇಲೆ ಮತ್ತೆ ಮತ್ತೆ ಹಂಚಿ, ಪ್ರತಿಯೊಂದು ಹಂಚಿಕೆಗೂ ಎರಡು ಗುಂಪುಗಳ ಅಂತರವನ್ನು ಲೆಕ್ಕ ಹಾಕಬಹುದು. ೧೭ ಸಂಸ್ಥೆಗಳಲ್ಲಿ ೧೧ನ್ನು ಆರಿಸುವ ಕ್ರಮಗಳು ೧೨,೩೭೬. ನಿಜವಾಗಿ ಕಂಡ ಅಂತರದಷ್ಟು ಅಥವಾ ಅದಕ್ಕಿಂತ ದೊಡ್ಡ ಅಂತರವು ಇವುಗಳಲ್ಲಿ ಎಷ್ಟು ಹಂಚಿಕೆಗಳಲ್ಲಿ ಬರುತ್ತದೆಂದು ಎಣಿಸಿದರೆ ಸಾಕು. ಅಪರೂಪವಾಗಿ ಮಾತ್ರ ಬರುವುದಾದರೆ, ಅದು ಕೇವಲ ಚೀಟಿಯ ಆಟವೆಂಬ ವಾದ ಬಿದ್ದುಹೋಗುತ್ತದೆ. ಎಲ್ಲವನ್ನೂ ಎಣಿಸುವುದು ಶ್ರಮವೆನಿಸಿದರೆ ಸಾವಿರದಷ್ಟನ್ನು ಯಾದೃಚ್ಛಿಕವಾಗಿ ಆರಿಸಿ ಎಣಿಸಿದರೂ ನಡೆಯುತ್ತದೆ.

ಫಲಿತಾಂಶಗಳು ೨೦೧೩ರಲ್ಲಿ ಪ್ರಕಟವಾದವು. ಮೊದಲನೆಯ ವರ್ಷದಲ್ಲಿಯೇ ಉತ್ಪಾದಕತೆ ಶೇಕಡಾ ೧೭ರಷ್ಟು ಏರಿತೆಂದೂ, ದೋಷಗಳೂ ದಾಸ್ತಾನೂ ಇಳಿದವೆಂದೂ, ಮೂರು ವರ್ಷಗಳೊಳಗೆ ಆ ಸಂಸ್ಥೆಗಳು ಹೊಸ ಕಾರ್ಖಾನೆಗಳನ್ನು ತೆರೆದವೆಂದೂ ಸಂಶೋಧಕರು ತೀರ್ಮಾನಿಸಿದರು. ಇಷ್ಟು ಲಾಭದಾಯಕವಾದ ಪದ್ಧತಿಗಳನ್ನು ಮಾಲಿಕರು ಮೊದಲೇ ಏಕೆ ಅನುಸರಿಸಲಿಲ್ಲವೆಂಬ ಪ್ರಶ್ನೆಗೆ, ತಿಳಿವಳಿಕೆಯ ಕೊರತೆಯೇ ಮುಖ್ಯ ಕಾರಣವೆಂದು ಅವರ ಉತ್ತರ.

೫

ಈ ಪ್ರಯೋಗವನ್ನು ಹೊಗಳುವುದರ ಜತೆಗೆ ಅದರ ಮೇರೆಗಳನ್ನೂ ಗುರುತಿಸಬೇಕು. ಕೇಳಿದ ೬೬ರಲ್ಲಿ ಒಪ್ಪಿದವು ೧೭. ಒಪ್ಪದವರ ವಿಷಯದಲ್ಲಿ ಈ ಪರೀಕ್ಷೆ ಏನನ್ನೂ ಹೇಳದು. ಪರಿಣಾಮ ಇದೆಯೇ ಎಂಬುದಕ್ಕೆ ಪಲ್ಲಟ ಪರೀಕ್ಷೆ ನೇರವಾದ ಉತ್ತರ ಕೊಡುತ್ತದೆ. ಎಷ್ಟು ಎಂಬುದಕ್ಕೆ ಬೇರೆ ಅಂದಾಜು ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಏರಿದ ಉತ್ಪನ್ನದ ಲಾಭ ಯಾರಿಗೆ ಸಲ್ಲಬೇಕು ಎಂಬ ೧೯೨೮ರ ಪ್ರಶ್ನೆಯು ಸಂಖ್ಯಾಶಾಸ್ತ್ರದ ಎಲ್ಲೆಯ ಆಚೆಗಿದೆ. ಅದನ್ನು ಮಾತುಕತೆಯಿಂದಲೂ ನ್ಯಾಯಬುದ್ಧಿಯಿಂದಲೂ ತೀರ್ಮಾನಿಸಬೇಕಲ್ಲದೆ ಪರೀಕ್ಷೆಯಿಂದಲ್ಲ.

ಕಾಲದ ಪ್ರಶ್ನೆಯೂ ಉಂಟು. ಸಂಶೋಧಕರು ೨೦೧೭ರಲ್ಲಿ ಅವೇ ಕಾರ್ಖಾನೆಗಳಿಗೆ ಮರಳಿ ಹೋಗಿ, ತಾವು ಕಂಡುದನ್ನು ೨೦೨೦ರಲ್ಲಿ ಪ್ರಕಟಿಸಿದರು. ಅಳವಡಿಸಿಕೊಂಡಿದ್ದ ಪದ್ಧತಿಗಳಲ್ಲಿ ಸುಮಾರು ಅರ್ಧದಷ್ಟು ಬಿಟ್ಟುಹೋಗಿದ್ದವು. ವ್ಯವಸ್ಥಾಪಕರು ಕೆಲಸ ಬಿಟ್ಟು ಹೋದದ್ದು, ಒಡೆಯರಿಗೆ ಸಮಯ ಸಾಲದಾದದ್ದು ಇದಕ್ಕೆ ಕಾರಣಗಳಲ್ಲಿ ಕೆಲವು. ಆದರೂ ಎರಡು ಗುಂಪುಗಳ ನಡುವಣ ಅಂತರ ಪೂರ್ತಿ ಅಳಿದಿರಲಿಲ್ಲ. ಅಹಮದಾಬಾದಿಗೆ ಮಿಲ್ಲರ್ ಅವರು ಮರಳಿ ಹೋದಾಗ ಕಂಡ ನೋಟವನ್ನೇ ಇದು ನೆನಪಿಗೆ ತರುತ್ತದೆ. ವ್ಯತ್ಯಾಸವಿಷ್ಟೆ: ತಾರಾಪುರದಲ್ಲಿ ಹೋಲಿಸಿ ನೋಡಲು ಇನ್ನೊಂದು ಗುಂಪು ಉಳಿದಿತ್ತು; ಆದುದರಿಂದ ಎಷ್ಟು ಉಳಿಯಿತೆಂದು ಹೇಳುವುದು ಸಾಧ್ಯವಾಯಿತು.

ಇಷ್ಟರಿಂದ ಹೊರಡುವ ನಿಯಮವನ್ನು ಸಂಗ್ರಹವಾಗಿ ಹೇಳಬಹುದು. ಪರೀಕ್ಷೆಯ ಆಯ್ಕೆ ಅಂಕಿಗಳು ಕೈಗೆ ಬಂದ ಮೇಲೆ ಮಾ��ುವ ಕೆಲಸವಲ್ಲ. ಏನನ್ನು ಅಳೆಯುತ್ತೇವೆ, ಹೊಸ ಕ್ರಮವನ್ನು ಯಾರಿಗೆ ಯಾವ ರೀತಿಯಲ್ಲಿ ಹಂಚಿದೆವು, ಹಂಚಿದ ಘಟಕ ಯಾವುದು, ಅಂಥ ಘಟಕಗಳು ಎಷ್ಟು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆತರೆ ಪರೀಕ್ಷೆಯು ಬಹುಮಟ್ಟಿಗೆ ತಾನಾಗಿಯೇ ಗೊತ್ತಾಗುತ್ತದೆ. ಘಟಕಗಳು ಹೇರಳವಾಗಿದ್ದು ಪರಸ್ಪರ ಸ್ವತಂತ್ರವಾಗಿದ್ದರೆ ಟಿ-ಪರೀಕ್ಷೆಗೆ ಅಡ್ಡಿಯಿಲ್ಲ. ಕೆಲವೇ ಇದ್ದು ಚೀಟಿಯಿಂದ ಹಂಚಿದ್ದರೆ ಪಲ್ಲಟ ಪರೀಕ್ಷೆ ಮೇಲು. ಚೀಟಿಯಿಂದ ಹಂಚಿಲ್ಲವಾದರೆ ಯಾವ ಪರೀಕ್ಷೆಯ ಮಾತನ್ನೂ ಪೂರ್ತಿಯಾಗಿ ನಂಬಬಾರದು.

ಈ ನಿಯಮದಿಂದ ನನ್ನ ಹಳೆಯ ಟಿಪ್ಪಣಿಯನ್ನು ಅಳೆದು ನೋಡಿದ್ದೇನೆ. ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳ ಬಿಡುವಿನಲ್ಲಿ ಕಲೀನಾದ ವಿಶ್ವವಿದ್ಯಾಲಯದ ಆವರಣದ ಮರದ ನೆರಳಿನಲ್ಲಿ ಕುಳಿತು ಈ ವಿಷಯವನ್ನು ಓದತೊಡಗಿದಾಗ ಮೊದಲು ಮಾಡಿದ ಲೆಕ್ಕವೇ ಅದು. ಘಟಕಗಳು ೧೫೬ ಅಲ್ಲ, ೬. ಆರರಲ್ಲಿ ಮೂರನ್ನು ಆರಿಸುವ ಕ್ರಮಗಳು ಕೇವಲ ೨೦. ಹೊಸ ಕ್ರಮದ ಮೂವರೂ ಹಳೆಯ ಕ್ರಮದ ಮೂವರನ್ನು ಮೀರಿಸಿದ್ದರೂ, ಅದು ಆಕಸ್ಮಿಕವಾಗಿ ಘಟಿಸುವ ಸಂಭವ ಇಪ್ಪತ್ತರಲ್ಲಿ ಒಂದು. ಅಂತರವು ಎರಡು ಕಡೆಗೂ ವಾಲಬಹುದೆಂದು ಎಣಿಸಿದರೆ ಹತ್ತರಲ್ಲಿ ಒಂದು. ಅದಕ್ಕಿಂತ ಬಲವಾದ ಮಾತನ್ನು ಆಡುವ ಶಕ್ತಿ ಆ ಅಂಕಿಗಳಿಗೆ ಇರಲೇ ಇಲ್ಲ. ಅದೂ ಚೀಟಿ ಎತ್ತಿ ಹಂಚಿದ್ದರೆ ಮಾತ್ರ. ಚುರುಕಾದವರನ್ನು ಆರಿಸಿ ಒಂದು ಕಡೆ ಕೂರಿಸಿ, ಪಿಂಚಣಿದಾರರನ್ನೆಲ್ಲ ಇನ್ನೊಂದು ಕಡೆಯ ಒಬ್ಬರ ಮುಂದೆ ನಿಲ್ಲಿಸಿದ ಮೇಲೆ ಅಷ್ಟನ್ನೂ ಹೇಳುವಂತಿರಲಿಲ್ಲ. ಇನ್ನು ಒಬ್ಬ ವ್ಯಕ್ತಿಯ ಯೋಗ್ಯತೆಯ ಕುರಿತಂತೂ ಆ ಟಿಪ್ಪಣಿಯಲ್ಲಿ ಒಂದಕ್ಷರವನ್ನೂ ಬರೆಯುವ ಅಧಿಕಾರ ನನಗಿರಲಿಲ್ಲ.

ಆ ಹಿರಿಯರು ದೂರದ ಶಾಖೆಯಿಂದಲೇ ನಿವೃತ್ತರಾದರು. ಕೆಲವು ವರ್ಷಗಳ ಮೇಲೆ ಸಾಂತಾಕ್ರೂಜಿನ ಮಾರುಕಟ್ಟೆಯ ಬಳಿ ಅವರು ಸಿಕ್ಕಿದಾಗ ಈ ಲೆಕ್ಕವನ್ನು ಹೇಳಿ ತಪ್ಪೊಪ್ಪಿಕೊಂಡೆ. ಅವರು ಸಾವಧಾನವಾಗಿ ಕೇಳಿ, "ಇದನ್ನು ಬರೆದಿಡಿ, ಮುಂದಿನವರಿಗಾದರೂ ಆಗಲಿ" ಎಂದಷ್ಟೇ ಹೇಳಿ ತರಕಾರಿಯ ಚೀಲವನ್ನು ಎತ್ತಿಕೊಂಡು ನಡೆದರು. ಅವರ ಮಾತಿನಂತೆ ಇದನ್ನು ಬರೆದಿದ್ದೇನೆ. ಮೇಜಿನ ಮೇಲೆ ಇನ್ನೊಬ್ಬರ ದುಡಿಮೆಯ ಕೋಷ್ಟಕ ಬಂದು ಕುಳಿತಾಗ, ಸಹಿ ಹಾಕುವ ಮೊದಲು ಇದರಲ್ಲಿ ಎಣಿಸಿರುವ ಸಾಲುಗಳೆಷ್ಟು, ಮನುಷ್ಯರೆಷ್ಟು ಎಂದು ಒಮ್ಮೆ ಕೇಳಿಕೊಳ್ಳುವ ವಾಚಕರು ಈ ಪತ್ರಿಕೆಗೆ ಹಲವರಿದ್ದಾರೆಂಬ ನಂಬಿಕೆ ನನ್ನದು.